ಊಟಕ್ಕಿಲ್ಲದ ಉಪ್ಪಿನಕಾಯಿ ಈ ಎಕ್ಸ್‌ಟೆಂಡೆಡ್ ವಾರಂಟಿ

ಹೊಸ ಲಾರಿಯ ಕೊಟೇಶನ್ ಹಾಳೆ ತೆಗೆದು ನೋಡಿ. ಎಕ್ಸ್ ಶೋರೂಮ್ ಬೆಲೆ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್‌ಟ್ಯಾಗ್ ಎಲ್ಲಾ ಮುಗಿದ ಮೇಲೆ ಕೆಳಗೆ ಸಣ್ಣಕ್ಷರದಲ್ಲಿ 'ಇ.ಡಬ್ಲ್ಯು.' ಅಂತ ಒಂದು ಸಾಲು, ಅದರ ಮುಂದೆ ಹತ್ತಾರು ಸಾವಿರ. ಇದೇನಪ್ಪಾ ಅಂದ್ರೆ, "ಅಣ್ಣಾ, ಎಕ್ಸ್‌ಟೆಂಡೆಡ್ ವಾರಂಟಿ, ಎಲ್ರೂ ಹಾಕಿಸ್ಕೊಳ್ತಾರೆ, ಬಂಪರ್ ಟು ಬಂಪರ್, ಎಲ್ಲಾ ಭಾಗಕ್ಕೂ ಕವರ್, ಕಣ್ಮುಚ್ಕೊಂಡು ತಗೊಳ್ಳಿ." ಹೌದು ಸ್ವಾಮಿ, ಕಣ್ಮುಚ್ಚಿದವರಿಗೆ ಮಾತ್ರ ಮಾರೋಕಾಗೋ ಸಾಮಾನು ಅದು. ಷರತ್ತಿನ ಪುಸ್ತಕ ಕೊಡಿ ಅಂತ ಕೇಳಿ ನೋಡಿ, "ಅದು ಆಮೇಲೆ ಬರುತ್ತೆ". ದುಡ್ಡು ಮಾತ್ರ ಈಗಲೇ!

"ಇದಿಲ್ದಿದ್ರೆ ಲೋನ್ ಪಾಸಾಗಲ್ಲ" ಅನ್ನೋ ಇನ್ನೊಂದು ಬೆದರಿಕೆ ಇದೆ. ಗಾಡಿ ರೋಡಿಗಿಳಿಯೋಕೆ ಕಾನೂನು ಕೇಳೋದು ಥರ್ಡ್ ಪಾರ್ಟಿ ವಿಮೆ. ಫೈನಾನ್ಸ್‌ನವರು ಕೇಳೋದು ಫುಲ್ ಇನ್ಶೂರೆನ್ಸು, ಆರ್‌ಸಿ ಮೇಲೆ ತಮ್ಮ ಹೆಸರು. ವಾರಂಟಿ ಈ ಎರಡರಲ್ಲೂ ಇಲ್ಲ. ಗುದ್ದಿದ್ರೆ ಇನ್ಶೂರೆನ್ಸು, ಸವೆದ್ರೆ ಎ.ಎಂ.ಸಿ. (ವರ್ಷದ ನಿರ್ವಹಣೆ ಒಪ್ಪಂದ), ಕಂಪನಿ ತಪ್ಪಿನಿಂದ ಒಳಗಿನ ಭಾಗ ಒಡೆದ್ರೆ ವಾರಂಟಿ. ಮೂರೂ ಬೇರೆ ಬೇರೆ. ಮಾರೋರು ಬೇಕಂತಲೇ ಮೂರನ್ನೂ ಕಲಸಿ ಒಂದೇ ಉಂಡೆ ಮಾಡಿ ಕೈಗಿಡ್ತಾರೆ. ಸವೆಯೋ ಪಾರ್ಟಾದ ಕ್ಲಚ್ ಪ್ಲೇಟ್ ಹೋದಾಗ ವಾರಂಟಿ ಕಾಗದ ಹಿಡ್ಕೊಂಡು ಹೋದವರಿಗೆ ಗೊತ್ತಾಗುತ್ತೆ ಆ ಉಂಡೆಯೊಳಗೆ ಏನಿತ್ತು ಅಂತ.

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿ.ಎಸ್.ಟಿ. 28ರಿಂದ 18 ಪರ್ಸೆಂಟ್‌ಗೆ ಇಳೀತು. ಒಳ್ಳೇದೇ ಆಯ್ತು. ಆದ್ರೆ ಹಾಗೆ ಉಳಿದ ದುಡ್ಡು ಮನೆ ತನಕ ಬರಬೇಕಲ್ಲ, ಇಂಥ ಸಾಲುಗಳೇ ನುಂಗಿ ಹಾಕ್ತವೆ. ಲೆಕ್ಕಕ್ಕೆ ವಾರಂಟಿ 40,000 ಅಂತಿಟ್ಕೊಳ್ಳಿ. ಮೇಲೆ 18 ಪರ್ಸೆಂಟ್ ಜಿ.ಎಸ್.ಟಿ. 7,200, ಒಟ್ಟು 47,200. ಜಿ.ಎಸ್.ಟಿ. ನೋಂದಣಿ ಇಲ್ಲದ ಒಂಟಿ ಲಾರಿ ಮಾಲೀಕನಿಗೆ ಆ ತೆರಿಗೆ ವಾಪಸ್ ಬರೋ ಮಾತೇ ಇಲ್ಲ. ಅಷ್ಟನ್ನೂ ಲೋನಿಗೆ ಸೇರಿಸಿ 11 ಪರ್ಸೆಂಟ್ ಬಡ್ಡಿಗೆ 48 ಕಂತು ಹಾಕಿದ್ರೆ ತಿಂಗಳಿಗೆ ಸುಮಾರು 1,220. ತೀರೋ ಹೊತ್ತಿಗೆ 58,500 ದಾಟಿರುತ್ತೆ. ಕಂಪನಿಯ ಮೂಲ ವಾರಂಟಿ 3 ವರ್ಷ ಅಂದ್ರೆ ಈ ಎರಡನೇ ವಾರಂಟಿ ಉಸಿರಾಡೋದೇ 4ನೇ ವರ್ಷಕ್ಕೆ. 36 ಕಂತು ಬಡ್ಡಿ ಸಮೇತ ಕಟ್ಟಿ ಮುಗಿಸಿದ ಮೇಲೆ ಅದು ಕೆಲಸಕ್ಕೆ ಬರುತ್ತೆ. ಮೂಲ ವಾರಂಟಿ ಮುಗಿಯೋದ್ರೊಳಗೆ ಯಾವಾಗ ಬೇಕಾದ್ರೂ ಕೊಳ್ಳಬಹುದಾದ ಸ್ಕೀಮ್‌ಗಳೂ ಇವೆ, ಬೆಲೆ ಸ್ವಲ್ಪ ಜಾಸ್ತಿ ಅಷ್ಟೇ. ಅದನ್ನ ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ.

ಅದಿರಲಿ, ಕಿಲೋಮೀಟರ್ ಲೆಕ್ಕ ಇನ್ನೂ ಚೆನ್ನಾಗಿದೆ. ವಾರಂಟಿಯಲ್ಲಿ ವರ್ಷ ಮತ್ತು ಕಿ.ಮೀ. ಎರಡೂ ಇರುತ್ತೆ, ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ಕತೆ ಮುಗೀತು. ಕೋಲಾರ ಮಂಡಿಯಿಂದ ಕೋಲ್ಕತ್ತಕ್ಕೆ ಟೊಮೆಟೊ ಹೊಡೆಯೋ ಗಾಡಿ ನೋಡಿ. ಒಂದು ಕಡೆಗೆ ಸುಮಾರು 1,800 ಕಿ.ಮೀ., ಹೋಗಿ ಬಂದ್ರೆ 3,600. ತಿಂಗಳಿಗೆ 4 ಟ್ರಿಪ್ ಅಂದ್ರೆ 14,400, ವರ್ಷಕ್ಕೆ 1.7 ಲಕ್ಷ ದಾಟುತ್ತೆ. '5 ವರ್ಷ ಅಥವಾ 4 ಲಕ್ಷ ಕಿ.ಮೀ.' ಅಂತ ಬರೆದ ಕಾಗದ ಆ ಗಾಡಿಗೆ ಎರಡೂಕಾಲು, ಎರಡೂವರೆ ವರ್ಷದೊಳಗೆ ರದ್ದಿ. ಹೆಸರಿಗೆ 5 ವರ್ಷ! ಇನ್ನೊಂದು ಕಡೆ ದಿನಾ ಬೆಂಗಳೂರಿಗೆ ಹೋಗಿ ಬರೋ ಪಿಕಪ್. ದಿನಕ್ಕೆ 140 ಕಿ.ಮೀ., ತಿಂಗಳಿಗೆ 25 ದಿನ, ವರ್ಷಕ್ಕೆ 42,000. 5 ವರ್ಷಕ್ಕೆ 2.1 ಲಕ್ಷವೇ. ಅವನಿಗೆ ವರ್ಷ ಮುಗಿಯುತ್ತೆ, ದುಡ್ಡು ಕೊಟ್ಟ ಕಿಲೋಮೀಟರ್ ಹಾಗೇ ಉಳಿಯುತ್ತೆ. ಇಬ್ಬರಿಗೂ ಒಂದೇ ಪ್ಲ್ಯಾನ್ ಮಾರೋನಿಗೆ ಇದು ಗೊತ್ತಿಲ್ಲ ಅಂದ್ಕೊಂಡ್ರಾ?

ಸಿಟ್ಟು ನೆತ್ತಿಗೇರೋದು ಪಾರ್ಟ್ಸ್ ಪಟ್ಟಿ ನೋಡಿದಾಗ. ಕಡಿಮೆ ಬೆಲೆಯ ಪ್ಲ್ಯಾನ್‌ಗಳಲ್ಲಿ 'ಡ್ರೈವ್‌ಲೈನ್' ಅಂತಿರುತ್ತೆ. ಅಂದ್ರೆ ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಹಿಂದಿನ ಚಕ್ರ ತಿರುಗಿಸೋ ಗೇರುಗಳ ಪೆಟ್ಟಿಗೆ), ಅದರಲ್ಲೂ ಆಯಿಲ್‌ನಲ್ಲಿ ತಿರುಗೋ ಒಳಗಿನ ಭಾಗ ಮಾತ್ರ. ಕ್ರ್ಯಾಂಕ್, ಪಿಸ್ಟನ್, ಗೇರು, ಹೌಸಿಂಗ್‌ನೊಳಗಿನ ಕ್ರೌನ್ ಪಿನಿಯನ್ ಹಲ್ಲುಚಕ್ರ. ಸರಿಯಾಗಿ ಆಯಿಲ್ ಹಾಕಿ, ಲೋಡು ಮಿತಿಯಲ್ಲಿಟ್ಟು ಓಡಿಸಿದ ಗಾಡಿಯಲ್ಲಿ 3–4 ಲಕ್ಷ ಕಿ.ಮೀ. ಒಳಗೆ ಇವು ಸುಮ್ಮಸುಮ್ಮನೆ ಒಡೆಯೋದು ಅಪರೂಪ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳನ್ನ ದಾರಿಯಲ್ಲಿ ನಿಲ್ಲಿಸೋದು ಬೇರೆಯೇ: ಹೊಗೆಯ ವಿಷಾನಿಲ ಅಳೆಯೋ ನಾಕ್ಸ್ ಸೆನ್ಸರ್, ಹೊಗೆ ಶುದ್ಧ ಮಾಡೋ ಯೂರಿಯಾ ನೀರಿನ ಪಂಪು, ಆ ಯೂರಿಯಾ ಚಿಮ್ಮಿಸೋ ನಾಝಲ್, ಮಸಿ ಹಿಡಿಯೋ ಫಿಲ್ಟರ್ ಡಿ.ಪಿ.ಎಫ್., ಹೊಗೆಯ ಒಂದು ಪಾಲನ್ನ ಇಂಜಿನ್‌ಗೆ ವಾಪಸ್ ಬಿಡೋ ಇ.ಜಿ.ಆರ್. ವಾಲ್ವು, ಇಂಜೆಕ್ಟರ್, ವೈರಿಂಗ್. ಪಟ್ಟಿಯಲ್ಲಿ ಇವನ್ನ ಹುಡುಕಿ. ಇಲ್ಲ ಅಂದ್ರೆ ಸಾಯದ ಭಾಗಕ್ಕೆ ದುಡ್ಡು ಕಟ್ಟಿ, ಸಾಯೋ ಭಾಗವನ್ನ ಬೀದಿಗೆ ಬಿಟ್ಟ ಹಾಗೆ.

ಪಟ್ಟಿಯಲ್ಲಿ ಇರೋ ಭಾಗಕ್ಕೂ ಕೈ ತೊಳೆದುಕೊಳ್ಳೋ ದಾರಿ ಇದೆ. ಹಿಂದಿನ ಚಕ್ರದ ಹಬ್ ಕಡೆಯಿಂದಲೋ ಪಿನಿಯನ್ ಕಡೆಯಿಂದಲೋ ಆಯಿಲ್ ಜಿನುಗ್ತಾ ಇರುತ್ತೆ, ಮೇಲೆ ಧೂಳು ಕೂತು ಕರ್ರಗೆ ಕೆಸರಿನಂತೆ ಗಟ್ಟಿಯಾಗಿರುತ್ತೆ. ಕ್ಲೀನರ್ ಬಟ್ಟೆಯಲ್ಲಿ ಒರೆಸಿ ಬಿಡ್ತಾನೆ. ತಿಂಗಳು ಕಳೆದು ಹೌಸಿಂಗ್ ಕೂಗೋಕೆ ಶುರು. ಬಿಚ್ಚಿದ್ರೆ ಗೇರಿನ ಹಲ್ಲು ಕಾದು ನೀಲಿಗಟ್ಟಿದೆ. ಆಗ ಉತ್ತರ ಏನು ಗೊತ್ತಾ? ಆಯಿಲ್ ಸೀಲ್ ರಬ್ಬರು, ಸವೆಯೋ ಪಾರ್ಟು, ಕವರ್ ಇಲ್ಲ. ಕ್ರೌನ್ ಪಿನಿಯನ್ ಕವರ್ ಇದೆ, ಆದ್ರೆ ಹೋದದ್ದು ಆಯಿಲ್ ಕಡಿಮೆಯಾಗಿ, ಅದು ನಿಮ್ಮ ನಿರ್ಲಕ್ಷ್ಯ. ನೂರಿನ್ನೂರು ರೂಪಾಯಿ ಸೀಲಿಗೆ ಇಡೀ ಹೌಸಿಂಗ್ ಕವರ್ ಹೋಯ್ತು. ಆದ್ದರಿಂದ ಒರೆಸೋಕೆ ಮುಂಚೆ ಫೋಟೋ ತೆಗೀರಿ, ಜಿನುಗಿದ ವಾರದಲ್ಲೇ ಸರ್ವಿಸ್‌ಗೆ ಬಿಟ್ಟು ಜಾಬ್ ಕಾರ್ಡ್‌ನಲ್ಲಿ (ವರ್ಕ್‌ಶಾಪ್‌ನವರು ದೂರು ಬರೆಯೋ ಚೀಟಿ) 'ಹೌಸಿಂಗ್ ಆಯಿಲ್ ಲೀಕ್' ಅಂತ ಬರೆಸಿ. ಆ ಒಂದು ಸಾಲು ಇದ್ರೆ ಮುಂದೆ ನಿರ್ಲಕ್ಷ್ಯ ಅನ್ನೋ ಮಾತು ಅಷ್ಟು ಸುಲಭವಾಗಿ ಎತ್ತೋಕಾಗಲ್ಲ.

ಓವರ್‌ಲೋಡ್ ಇನ್ನೊಂದು. 1,700 ಕೆ.ಜಿ. ಹೊರೋ ಪಿಕಪ್‌ಗೆ 15 ಕೆ.ಜಿ.ಯ 100 ಬಾಕ್ಸ್ ಅಂದ್ರೆ 1,500. ಖಾಲಿ ಕ್ರೇಟೇ ಒಂದೊಂದು ಒಂದೂವರೆ ಕೆ.ಜಿ. ಮೇಲೆ ತೂಗುತ್ತೆ, ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಸೀಸನ್‌ನಲ್ಲಿ 130 ಬಾಕ್ಸ್ ಏರಿಸಿದ್ರೆ ಕ್ರೇಟ್ ಸೇರಿ 2,100 ದಾಟ್ತು. ಆ ಪಿಕಪ್‌ಗೆ ವಾರಂಟಿ ತಗೊಂಡು ಏನು ಪ್ರಯೋಜನ? ಸ್ಪ್ರಿಂಗ್ ಪಟ್ಟೆ ಮುರಿದ್ರೆ ಹೇಗೂ ಕೊಡಲ್ಲ, ಗೇರ್‌ಬಾಕ್ಸ್ ಹೋದ್ರೂ ತೂಕದ ಚೀಟಿ ಕೇಳ್ತಾರೆ. ಬೇಸರದ ವಿಷಯ ಏನಂದ್ರೆ, ಮಾರೋವಾಗ ಇದೇ ಬಾಯಿ "130 ಏನಣ್ಣಾ, 150 ಹಾಕಿ, ಎಳೆಯುತ್ತೆ" ಅಂದಿರುತ್ತೆ.

ಯೂರಿಯಾ ನೀರಿನ ವಿಷಯದಲ್ಲಿ ತಪ್ಪು ನಮ್ಮ ಕಡೆಯೂ ಇದೆ, ಮುಚ್ಚಿಡಬಾರದು. ಡಿ.ಇ.ಎಫ್. ಅಂದ್ರೆ ಶುದ್ಧ ನೀರಿನಲ್ಲಿ 32.5 ಪರ್ಸೆಂಟ್ ಯೂರಿಯಾ. 100 ಲೀಟರ್ ಡೀಸೆಲ್‌ಗೆ 3ರಿಂದ 5 ಲೀಟರ್ ಹೋಗುತ್ತೆ. ಲೀಟರ್‌ಗೆ 5 ಕಿ.ಮೀ. ಕೊಡೋ ಗಾಡಿಗೆ ಕೋಲ್ಕತ್ತ ಹೋಗಿ ಬರೋಕೆ 22ರಿಂದ 36 ಲೀಟರ್. ಇದನ್ನ ಉಳಿಸೋಕೆ ಹೊಲಕ್ಕೆ ತಂದ ಯೂರಿಯಾ ಚೀಲ ಬಿಚ್ಚಿ ಬೋರ್‌ವೆಲ್ ನೀರಲ್ಲಿ ಕಲಸೋ ಪಂಡಿತರು ಎಲ್ಲಾ ಕಡೆ ಇದ್ದಾರೆ. ಗೊಬ್ಬರದ ಯೂರಿಯಾಗೆ ಬೇವಿನೆಣ್ಣೆ ಲೇಪ ಇರುತ್ತೆ, ನಮ್ಮ ಬೋರ್ ನೀರಲ್ಲಿ ಸುಣ್ಣ. ಎಣ್ಣೆ ಕ್ಯಾಟಲಿಸ್ಟ್‌ಗೆ ವಿಷ, ಸುಣ್ಣ ನಾಝಲ್ ತುದಿಗೆ ಬೆಳ್ಳಗೆ ಕಲ್ಲುಪ್ಪಿನ ಹಾಗೆ ಕಟ್ಕೊಳ್ಳುತ್ತೆ. ಆಮೇಲೆ ಮೀಟರ್‌ನಲ್ಲಿ ದೀಪ, ಗಾಡಿಯ ಎಳೆತ ಕುಗ್ಗುತ್ತೆ, ಏರಿನಲ್ಲಿ ಸೆಕೆಂಡ್ ಗೇರು. ಸರ್ವಿಸ್‌ನವರು ಯೂರಿಯಾ ಪ್ರಮಾಣ ಅಳೆಯೋ ರಿಫ್ರಾಕ್ಟೋಮೀಟರ್ ಮೇಲೆ ಒಂದು ಹನಿ ಬಿಟ್ಟು ನೋಡ್ತಾರೆ, ಪ್ರಮಾಣ ತಪ್ಪಿದ್ರೆ ಕ್ಲೇಮ್ ಅಲ್ಲಿಗೆ ಸತ್ತು ಹೋಯ್ತು. ಸಬ್ಸಿಡಿ ಯೂರಿಯಾ ಹಾಗೆ ಬಳಸೋದು ಅಪರಾಧ ಅನ್ನೋದು ಬೇರೆ. ಸೀಲ್ ಇರೋ ಕ್ಯಾನ್ ಕೊಳ್ಳಿ, ಬಿಲ್ ಇಟ್ಕೊಳ್ಳಿ, ಡೀಸೆಲ್ ಸುರಿದ ಫನೆಲ್ ಆ ಟ್ಯಾಂಕಿನ ಹತ್ತಿರಕ್ಕೂ ತರಬೇಡಿ.

ಆಯಿಲ್ ವಿಷಯವೂ ಅಷ್ಟೇ. ಡಿ.ಪಿ.ಎಫ್. ಇರೋ ಇಂಜಿನ್‌ಗೆ ಬೂದಿ ಕಡಿಮೆ ಇರೋ ಆಯಿಲ್, ಸಿ.ಕೆ.-4 ದರ್ಜೆಯದು, ಪುಸ್ತಕದಲ್ಲಿ ಬರೆದಿರುತ್ತೆ. ಹಳೇ ಗಾಡಿಯ ಆಯಿಲ್ ಉಳಿದಿದೆ ಅಂತ ಸುರಿದ್ರೆ ಬೂದಿ ಫಿಲ್ಟರ್‌ನಲ್ಲಿ ಕೂರುತ್ತೆ, ಎಷ್ಟು ಸಲ ರೀಜನರೇಶನ್ ಮಾಡಿ ಫಿಲ್ಟರ್ ಕಾಯಿಸಿದ್ರೂ ಸುಟ್ಟು ಹೋಗೋದು ಮಸಿ ಮಾತ್ರ, ಬೂದಿ ಹೋಗಲ್ಲ. ಟರ್ಬೊ ಕತೆ ಇನ್ನೂ ಸುಲಭ: ಲೋಡ್ ಗಾಡಿ ಮೊಗಿಲಿ ಘಾಟ್ ಹತ್ತಿ ಬಂದು ಪಲಮನೇರಿನಲ್ಲಿ ಟೀ ಅಂಗಡಿ ಕಂಡ ತಕ್ಷಣ ಕೀ ತಿರುಗಿಸಿದ್ರೆ, ಕೆಂಪಗೆ ಕಾದ ಶಾಫ್ಟ್‌ಗೆ ಆಯಿಲ್ ನಿಂತು ಹೋಗುತ್ತೆ. ಎರಡು ನಿಮಿಷ ಐಡ್ಲಿಂಗ್ ಬಿಟ್ಟು ಆಮೇಲೆ ಆಫ್ ಮಾಡೋಕೆ ಡ್ರೈವರ್‌ಗೆ ಹೇಳಿ. ಬಾಡಿ ಕಟ್ಟೋ ಶೆಡ್‌ನಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚದೆ ವೆಲ್ಡಿಂಗ್ ಹಿಡಿದ್ರೆ ಇಂಜಿನ್ ನಡೆಸೋ ಕಂಪ್ಯೂಟರ್ ಇ.ಸಿ.ಯು. ಹೋಗಬಹುದು. ಮೇನ್ ವೈರಿಂಗ್ ಸಿಗಿದು ಬಣ್ಣದ ಲೈಟು, ಹಾರನ್ನು, ಡೆಕ್ಕು ಕೊಟ್ರೆ ಎಲೆಕ್ಟ್ರಿಕಲ್ ಕವರ್ ಪೂರ್ತಿ ಹೋಯ್ತು ಅಂತ್ಲೇ ತಿಳ್ಕೊಳ್ಳಿ.

ಹಾಗಾದ್ರೆ ಯಾರೂ ತಗೊಳ್ಳಬಾರದಾ? ಹಾಗಲ್ಲ. ಇಂಜೆಕ್ಟರ್, ಟರ್ಬೊ, ನಾಕ್ಸ್ ಸೆನ್ಸರ್, ಯೂರಿಯಾ ಪಂಪು ಹೆಸರು ಹಿಡಿದು ಪಟ್ಟಿಯಲ್ಲಿದ್ದು, ನಿಮ್ಮ ಓಟಕ್ಕೆ ವರ್ಷವೂ ಕಿಲೋಮೀಟರೂ ಹೊಂದಿ, ಪ್ರತಿ ಸರ್ವಿಸ್ಸೂ ಕಂಪನಿ ವರ್ಕ್‌ಶಾಪ್‌ನಲ್ಲೇ ಸಮಯಕ್ಕೆ ಮಾಡಿಸೋ ಶಿಸ್ತು ಇದ್ರೆ ಧಾರಾಳವಾಗಿ ತಗೊಳ್ಳಿ. ಅದರಲ್ಲಿ ಎರಡು ಭಾಗ ಹೋದ್ರೂ ಕೊಟ್ಟ ದುಡ್ಡು ಹುಟ್ಟಬಹುದು. ಲಾಂಗ್ ರೂಟ್ ಗಾಡಿ ಆದ್ರೆ ಬೇರೆ ರಾಜ್ಯದ ವರ್ಕ್‌ಶಾಪ್‌ನಲ್ಲೂ ನಡೆಯುತ್ತಾ, ಟೋಯಿಂಗ್ ಎಷ್ಟು ಕಿ.ಮೀ. ತನಕ ಕೊಡ್ತಾರೆ ಅಂತ ಬರೆಸ್ಕೊಳ್ಳಿ. ಕೊಳೆತು ಹೋದ ಟೊಮೆಟೊ, ಡ್ರೈವರ್ ಬತ್ತೆ, ಆ ತಿಂಗಳ ಕಂತು ಯಾವ ವಾರಂಟಿಯೂ ಕೊಡಲ್ಲ, ಆ ಆಸೆ ಬೇಡ. ಮಾಲೂರು, ಮುಳಬಾಗಿಲು ಒಳಗೇ ಓಡಾಡಿ ಊರ ಮೇಸ್ತ್ರಿ ಹತ್ತಿರವೇ ಆಯಿಲ್ ಬದಲಾಯಿಸೋರು ಆ ದುಡ್ಡನ್ನ ಬ್ಯಾಂಕಲ್ಲಿಡಿ. ಒಂದು ಸರ್ವಿಸ್ ಹೊರಗೆ ಮಾಡಿಸಿದ್ರೂ ಸಾಮಾನ್ಯವಾಗಿ ಕಾಗದ ಸತ್ತ ಹಾಗೆ.

ತಗೊಂಡವರು ಗಾಡಿ ನಿಂತಾಗ ಊರ ಮೇಸ್ತ್ರಿ ಕೈಲಿ ಬಿಚ್ಚಿಸಬೇಡಿ. ಮೀಟರ್‌ನ ಕಿ.ಮೀ., ಉರಿಯೋ ದೀಪ ಎರಡೂ ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೆದು ಟೋಲ್ ಫ್ರೀಗೆ ಫೋನ್ ಮಾಡಿ ದೂರಿನ ನಂಬರ್ ಬರ್ಕೊಳ್ಳಿ. ಜಾಬ್ ಕಾರ್ಡ್‌ನಲ್ಲಿ 'ಜನರಲ್ ಚೆಕಪ್' ಅಂತ ಗೀಚೋಕೆ ಬಿಡಬೇಡಿ. 'ಏರಿನಲ್ಲಿ ಎಳೆಯಲ್ಲ, ಬಿಳಿ ಹೊಗೆ' ಅಂತ ಇದ್ದದ್ದು ಇದ್ದ ಹಾಗೆ ಬರೆಸಿ. ಡೀಸೆಲ್ ಕಲಬೆರಕೆ ಅಂದ್ರೆ ಸ್ಯಾಂಪಲ್ ನಿಮ್ಮ ಮುಂದೆ ತೆಗೆದು ಸೀಲ್ ಮಾಡಲಿ, ಬಂಕ್ ಬಿಲ್ ತೋರಿಸಿ. ರಿಜೆಕ್ಟ್ ಆದ್ರೆ ಬಿಚ್ಚಿದ ಕೂಲಿ ನಿಮ್ಮ ತಲೆಗೇ ಬರುತ್ತೆ, ಅದು ಎಷ್ಟು ಅಂತ ಬಿಚ್ಚೋಕೆ ಮುಂಚೆಯೇ ಕೇಳಿ. ರಿಜೆಕ್ಟ್ ಮಾಡಿದ್ದನ್ನ ಯಾವ ಷರತ್ತಿನ ಪ್ರಕಾರ ಅಂತ ಬರವಣಿಗೆಯಲ್ಲಿ ಕೊಡಲಿ, ಹೋದ ಪಾರ್ಟೂ ವಾಪಸ್ ಕೊಡಲಿ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಗೆ ಲಾರಿ ಇಟ್ಟವರು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ. "ಕಮರ್ಷಿಯಲ್ ಗಾಡಿ, ನಿಮಗೆ ಕೇಸ್ ಹಾಕೋ ಹಕ್ಕಿಲ್ಲ" ಅಂದ್ರೆ ನಂಬಬೇಡಿ. 1915ಕ್ಕೆ ಫೋನ್ ಮಾಡಿ, ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಿ. ಹತ್ತು ಲಾರಿ ಇಟ್ಟು ವ್ಯವಹಾರ ಮಾಡೋರಿಗೆ ಈ ದಾರಿ ಕಷ್ಟ.

ನಾಳೆ ಡೆಲಿವರಿ ಇರೋರು ಒಂದು ಪೆನ್ನು ತಗೊಂಡು ಹೋಗಿ. ಪಾರ್ಟ್ಸ್ ಪಟ್ಟಿ, ಷರತ್ತಿನ ಪುಸ್ತಕ, ಗಾಡಿ ಮಾರಿದ್ರೆ ಹೊಸ ಮಾಲೀಕನಿಗೆ ವರ್ಗ ಆಗುತ್ತಾ, ಶುರುವಾಗೋಕೆ ಮುಂಚೆ ರದ್ದು ಮಾಡಿದ್ರೆ ಎಷ್ಟು ವಾಪಸ್, ಇಷ್ಟು ಕೇಳಿ. "ಅದೆಲ್ಲಾ ಪೋಸ್ಟಲ್ಲಿ ಮನೆಗೆ ಬರುತ್ತೆ ಅಣ್ಣಾ" ಅಂದ್ರೆ ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸೈನ್ ಹಾಕಿ, ಟೋಟಲ್ ಇನ್ನೊಂದು ಸಲ ಕೂಡಿಸಿ ಲೋನ್ ಅರ್ಜಿಯಲ್ಲೂ ತಿದ್ದಿಸಿ. ಇಲ್ಲಿ ಗೆರೆ ಎಳೆದು ಅಲ್ಲಿ ಹಳೇ ಮೊತ್ತವೇ ಉಳಿಯೋ ಚಮತ್ಕಾರವೂ ನಡೆಯುತ್ತೆ.