ಭ್ರೂಣದ ಮೊದಲ ಐದು ದಿನಗಳ ಬಗ್ಗೆ ಯಾರೂ ಏಕೆ ಮಾತನಾಡುವುದಿಲ್ಲ?

ಐವಿಎಫ್ ಮೂಲಕ, ಅಂದರೆ ಪ್ರಯೋಗಾಲಯದಲ್ಲಿ ಭ್ರೂಣ ರೂಪಿಸಿ, ಐದು ದಿನದವರೆಗೆ ಅಲ್ಲೇ ಬೆಳೆಸಿ ಗರ್ಭಕೋಶಕ್ಕೆ ಸೇರಿಸುವ ವಿಧಾನದಿಂದ, ಮಗು ಪಡೆಯಲು ಹೊರಟವರಿಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಅಂಥ ಮಕ್ಕಳು ಗಟ್ಟಿಯಾಗಿರುವುದಿಲ್ಲವಂತೆ’ ಎಂದು ಕೆಲವರು ಹೆದರಿಸುತ್ತಾರೆ. ‘ಏನೂ ವ್ಯತ್ಯಾಸವಿಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ’ ಎಂದು ಇನ್ನು ಕೆಲವರು ಬಾಯಿ ಮುಚ್ಚಿಸುತ್ತಾರೆ. ಮೊದಲನೆಯದು ಕ್ರೂರ. ಆದರೆ ನನಗೆ ಹೆಚ್ಚು ಸಿಟ್ಟು ಬರುವುದು ಎರಡನೆಯದರ ಮೇಲೆ. ತಂದೆತಾಯಿ ಕೇಳಬೇಕಾದ ಪ್ರಶ್ನೆಗಳನ್ನೇ ಅದು ಕಸಿದುಕೊಳ್ಳುತ್ತದೆ.

1978ರಲ್ಲಿ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿದ ಮೇಲೆ ಈ ವಿಧಾನದಿಂದ ಜಗತ್ತಿಗೆ ಬಂದವರು ಒಂದು ಕೋಟಿಗೂ ಹೆಚ್ಚು. ಬಹುಪಾಲು ಮಂದಿ ಆರೋಗ್ಯವಾಗಿಯೇ ಇದ್ದಾರೆ. ಬಹುಕಾಲ ಇದ್ದ ದೊಡ್ಡ ಅಪಾಯವೆಂದರೆ ಅವಳಿ, ತ್ರಿವಳಿ ಗರ್ಭ ಮತ್ತು ಅದರಿಂದಾಗುವ ಅವಧಿಪೂರ್ವ ಹೆರಿಗೆ. ಒಂದೇ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ.

ಒಂಟಿಯಾಗಿ ಹುಟ್ಟಿದ ಮಕ್ಕಳಲ್ಲೂ ಸಣ್ಣ ವ್ಯತ್ಯಾಸಗಳಿವೆ. ತಾಜಾ ಭ್ರೂಣದಿಂದ ಹುಟ್ಟಿದವರ ತೂಕ ಸರಾಸರಿಯಲ್ಲಿ ತುಸು ಕಡಿಮೆ. ಶೈತ್ಯೀಕರಿಸಿದ ಭ್ರೂಣದಿಂದ ಹುಟ್ಟಿದವರ ತೂಕ ತುಸು ಹೆಚ್ಚು. ಇದಕ್ಕೆ ಕಾರಣ ಬಂಜೆತನವೋ, ಚಿಕಿತ್ಸೆಯೋ? ನಾರ್ವೆಯ ಸಂಶೋಧಕರು 2008ರಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು: ಒಂದು ಸಹಜ ಗರ್ಭದ್ದು, ಇನ್ನೊಂದು ಚಿಕಿತ್ಸೆಯದು. ವ್ಯತ್ಯಾಸ ಬಹುತೇಕ ಕರಗಿಹೋಯಿತು. ಅಲ್ಲಿಗೆ ದೊಡ್ಡ ಪಾಲು ತಂದೆತಾಯಿಯ ದೇಹಸ್ಥಿತಿಯದೇ ಎಂದಾಯಿತು.

ಆದರೆ ಪೂರ್ತಿ ಪಾಲು ಅದರದ್ದಲ್ಲ. ಪ್ರಯೋಗಾಲಯದಲ್ಲಿ ಭ್ರೂಣವನ್ನು ಬೆಳೆಸುವ ಪೋಷಕ ದ್ರಾವಣವನ್ನೇ ನೋಡಿ. ನೆದರ್ಲೆಂಡ್ಸ್‌ನಲ್ಲಿ ದಂಪತಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಎರಡು ಬೇರೆ ದ್ರಾವಣಗಳನ್ನು ಬಳಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಕ್ಕಳ ಜನನ ತೂಕದಲ್ಲಿ ಸರಾಸರಿ 158 ಗ್ರಾಂ ಅಂತರ! ಭ್ರೂಣ ಕೆಲವೇ ದಿನ ತಂಗಿದ್ದ ದ್ರಾವಣ ಒಂಬತ್ತು ತಿಂಗಳಾಚೆಗೂ ತನ್ನ ಗುರುತು ಬಿಟ್ಟಿತ್ತು.

ಇದು ಹೇಗೆ ಸಾಧ್ಯ? ದ್ರಾವಣದಲ್ಲಿರುವ ಈ ಮೊದಲ ದಿನಗಳಲ್ಲೇ ಭ್ರೂಣವು ತನ್ನ ಡಿಎನ್‌ಎ ಮೇಲಿನ ಮೀಥೈಲ್ ಎಂಬ ರಾಸಾಯನಿಕ ಗುರುತುಗಳಲ್ಲಿ ಬಹುಪಾಲನ್ನು ಅಳಿಸಿ, ಬಳಿಕ ಹೊಸದಾಗಿ ಬರೆದುಕೊಳ್ಳುತ್ತದೆ. ಯಾವ ವಂಶವಾಹಿ ಎಚ್ಚರವಾಗಿರಬೇಕು, ಯಾವುದು ಸುಮ್ಮನಿರಬೇಕು ಎಂಬುದು ಈ ಗುರುತುಗಳನ್ನು ಅವಲಂಬಿಸಿದೆ. ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು ಎಂಬ ಮುದ್ರೆ ಹೊತ್ತ ಕೆಲವು ವಂಶವಾಹಿಗಳು ಮಾತ್ರ ಈ ಅಳಿಸುವಿಕೆಯಿಂದ ಪಾರಾಗಬೇಕು. ಅಲ್ಲಿ ಎಡವಟ್ಟಾದರೆ ಬೆಕ್‌ವಿತ್-ವೀಡೆಮನ್ ಸಿಂಡ್ರೋಮ್‌ನಂಥ ಅತಿಬೆಳವಣಿಗೆಯ ಕಾಯಿಲೆ ಬರಬಹುದು. ಐವಿಎಫ್ ಮಕ್ಕಳಲ್ಲಿ ಇದು ಹಲವು ಪಟ್ಟು ಹೆಚ್ಚು. ಆದರೂ ಮೂಲತಃ ಎಷ್ಟು ಅಪರೂಪದ ಕಾಯಿಲೆಯೆಂದರೆ, ಯಾವ ದಂಪತಿಯೂ ಇದಕ್ಕಾಗಿ ಹಿಂಜರಿಯಬೇಕಿಲ್ಲ. ಇಂಥದ್ದೇ ಅತಿಬೆಳವಣಿಗೆಯನ್ನು ಪ್ರಯೋಗಾಲಯದ ಭ್ರೂಣಗಳಿಂದ ಹುಟ್ಟಿದ ಕರು, ಕುರಿಮರಿಗಳಲ್ಲೂ ವಿಜ್ಞಾನಿಗಳು ಕಂಡಿದ್ದರು. ಸೀರಮ್ (ರಕ್ತದಿಂದ ಬೇರ್ಪಡಿಸಿದ ತಿಳಿದ್ರವ) ಬೆರೆಸಿದ ದ್ರಾವಣದ ಮೇಲೆ ಆಗಲೇ ಅನುಮಾನ ಬಿದ್ದಿತ್ತು.

ಸಮಾಧಾನದ ಸುದ್ದಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಐವಿಎಫ್‌ನಿಂದ ಹುಟ್ಟಿದವರನ್ನು ಪರೀಕ್ಷಿಸಿದಾಗ, ಹುಟ್ಟಿದಾಗ ಇದ್ದ ಮೀಥೈಲ್ ವ್ಯತ್ಯಾಸಗಳಲ್ಲಿ ಹೆಚ್ಚಿನವು ವಯಸ್ಕರಾಗುವ ಹೊತ್ತಿಗೆ ಮಾಸಿದ್ದವು. ಆದರೆ ಸ್ವಿಟ್ಜರ್ಲೆಂಡ್‌ನಲ್ಲಿ ಐವಿಎಫ್‌ನಿಂದ ಹುಟ್ಟಿದ ಒಂದು ಸಣ್ಣ ಗುಂಪಿನ ಹದಿಹರೆಯದವರಲ್ಲಿ ರಕ್ತದೊತ್ತಡ ಹೆಚ್ಚಿದ್ದುದೂ ದಾಖಲಾಗಿದೆ. ನಾನು ಇದನ್ನು ಭಯಪಡಲು ಕಾರಣವೆಂದು ಓದುವುದಿಲ್ಲ, ಈ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸುತ್ತಿರಲು ಕಾರಣವೆಂದು ಓದುತ್ತೇನೆ.

ಇಷ್ಟೆಲ್ಲ ತಿಳಿದ ಮೇಲೂ ಅನೇಕ ದ್ರಾವಣಗಳಲ್ಲಿ ಯಾವ ಅಂಶ ಎಷ್ಟಿದೆ ಎಂಬುದನ್ನು ತಯಾರಕರು ವ್ಯಾಪಾರದ ಗುಟ್ಟೆಂದು ಮುಚ್ಚಿಡುತ್ತಾರೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ಒಳಗೇನಿದೆ ಎಂದು ಬರೆದಿರುತ್ತದೆ. ಮನುಷ್ಯ ಭ್ರೂಣದ ಮೊದಲ ಆಹಾರಕ್ಕೆ ಆ ಕಟ್ಟುಪಾಡು ಏಕಿಲ್ಲ? ಇದನ್ನು ಕಾನೂನಿನಿಂದಲೇ ಬಯಲು ಮಾಡಿಸಬೇಕು.

ಇಕ್ಸಿಯ ವಿಷಯದಲ್ಲೂ ನನ್ನ ತಕರಾರಿದೆ. ಅಂಡಾಣುವಿನೊಳಗೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ಈ ವಿಧಾನ ಬಂದದ್ದು ಗಂಡಸರ ಸಮಸ್ಯೆಗೆ ಪರಿಹಾರವಾಗಿ. ಈಗ ವೀರ್ಯ ಚೆನ್ನಾಗಿದ್ದರೂ ಬಳಸುತ್ತಾರೆ. ಹಾಗೆ ಬಳಸಿದರೆ ಮಗು ಪಡೆಯುವ ಸಾಧ್ಯತೆ ಹೆಚ್ಚುವುದಿಲ್ಲ ಎಂದು 2021ರಲ್ಲಿ ವಿಯೆಟ್ನಾಂನ ಅಧ್ಯಯನ ತೋರಿಸಿತು. ನಿಜವಾಗಿ ಬೇಕಾದವರಿಗೆ ಅದು ವರವೇ. ಆದರೆ ತಂದೆಯ ವೈ ವರ್ಣತಂತುವಿನಲ್ಲಿ ವೀರ್ಯಾಣು ಉತ್ಪತ್ತಿಗೆ ಬೇಕಾದ ತುಣುಕೇ ಕಾಣೆಯಾಗಿದ್ದರೆ, ಅದೇ ಕೊರತೆ ಗಂಡುಮಗುವಿಗೂ ದಾಟುತ್ತದೆ. ರಕ್ತಪರೀಕ್ಷೆಯಿಂದ ಇದನ್ನು ಮೊದಲೇ ತಿಳಿಯಬಹುದು. ವೀರ್ಯಾಣು ತೀರಾ ಕಡಿಮೆ ಇರುವ ಪ್ರತಿಯೊಬ್ಬರಿಗೂ ಸೂಜಿ ಹಿಡಿಯುವ ಮೊದಲು ಆ ಪರೀಕ್ಷೆ ಮಾಡಿ, ಫಲಿತಾಂಶವನ್ನು ದಂಪತಿ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಬೇಕು.