ಮಾಲ್ಟಾದ ಹಗಲಿಗೆ ಎರಡು ತುದಿ

ಹವಾಮಾನ ವರದಿಯ ತಳದಲ್ಲಿ ಯಾರೂ ಕಣ್ಣು ಹಾಯಿಸದ ಎರಡು ಅಂಕಿಗಳಿರುತ್ತವೆ: ಸೂರ್ಯೋದಯ, ಸೂರ್ಯಾಸ್ತ. ಬೆಂಗಳೂರಿನವರು ಅವನ್ನು ಓದದಿದ್ದರೂ ನಷ್ಟವೇನಿಲ್ಲ. ಅಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯ ಅಂತರ, ಅಷ್ಟೆ. ಮಾಲ್ಟಾದಲ್ಲಿ ಮಾತೇ ಬೇರೆ. ಜೂನ್ 21ರಂದು ರಾಜಧಾನಿ ವಲೆಟ್ಟಾದ ಸೂರ್ಯ ಬೆಳಗ್ಗೆ 5.46ಕ್ಕೆ ಹುಟ್ಟಿ ರಾತ್ರಿ 8.22ಕ್ಕೆ ಮುಳುಗುತ್ತಾನೆ. ಡಿಸೆಂಬರ್ 21ರಂದು 7.08ಕ್ಕೆ ನಿಧಾನವಾಗಿ ಎದ್ದು, ಸಂಜೆಯ ಚಹಾ ಮುಗಿಯುವ ಮೊದಲೇ, 4.51ಕ್ಕೆ ಅಂಗಡಿ ಮುಚ್ಚುತ್ತಾನೆ. 14 ಗಂಟೆ 36 ನಿಮಿಷದ ಹಗಲು 9 ಗಂಟೆ 43 ನಿಮಿಷಕ್ಕೆ ಇಳಿದಿರುತ್ತದೆ. ಹಾಗಂತ ಮಾಲ್ಟಾ ದೂರದ ಉತ್ತರದ ನಾಡೇನಲ್ಲ. ಯುರೋಪಿನ ದ್ವೀಪದೇಶವಾದರೂ ಆಫ್ರಿಕಾದ ಟ್ಯುನಿಸ್ ನಗರಕ್ಕಿಂತ ದಕ್ಷಿಣಕ್ಕಿದೆ.

ಹಗಲು ಗಿಡ್ಡವಾಗುವುದು, ಉದ್ದವಾಗುವುದು ಎಂದರೆ ಎರಡೂ ತುದಿಯಲ್ಲಿ ಸಮಸಮ ಎಂದು ನಾವು ಎಣಿಸುತ್ತೇವೆ. ಸೂರ್ಯ ಅಷ್ಟು ಲೆಕ್ಕಾಚಾರದವನಲ್ಲ. ಮಾಲ್ಟಾದಲ್ಲಿ ಅತಿ ಬೇಗ ಕತ್ತಲಾಗುವುದು ಡಿಸೆಂಬರ್ 21ಕ್ಕಲ್ಲ, ಡಿಸೆಂಬರಿನ ಮೊದಲ ವಾರದಲ್ಲಿ, 4.48ಕ್ಕೆ. ಅತಿ ಗಿಡ್ಡ ಹಗಲು ಬರುವಷ್ಟರಲ್ಲಿ ಸಂಜೆ ಆಗಲೇ ಮೂರು ನಿಮಿಷ ಹಿಗ್ಗಿರುತ್ತದೆ. ಬೆಳಗು ಮಾತ್ರ ಹಟ ಹಿಡಿದು ಇನ್ನೂ ತಡವಾಗುತ್ತಾ ಹೋಗಿ ಜನವರಿ ಮೊದಲ ವಾರದಲ್ಲಿ 7.13 ಮುಟ್ಟಿದ ಮೇಲೆಯೇ ತಿರುಗುವುದು. ಹೊಸ ವರ್ಷದ ಶಾಲೆ ಶುರುವಾದಾಗ ಮಕ್ಕಳನ್ನು ಎಬ್ಬಿಸುವುದು ಡಿಸೆಂಬರಿಗಿಂತ ಕಷ್ಟವಾದರೆ ತಪ್ಪು ಪೂರ್ತಿ ಮಕ್ಕಳದ್ದಲ್ಲ.

ಕಾರಣ ನಡುಹಗಲಲ್ಲಿದೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಇವೆರಡೂ ಸೇರಿ ಡಿಸೆಂಬರಿನ ಕೊನೆಗೆ, ಸೂರ್ಯ ಒಮ್ಮೆ ನೆತ್ತಿಯ ಗೆರೆ ದಾಟಿದ ಮೇಲೆ ಮತ್ತೆ ದಾಟಲು 24 ಗಂಟೆಯ ಮೇಲೆ ಸುಮಾರು ಅರ್ಧ ನಿಮಿಷ ಹೆಚ್ಚು ಬೇಕಾಗುತ್ತದೆ. ನಡುಹಗಲು ದಿನಕ್ಕೆ ಅರ್ಧ ನಿಮಿಷ ಮುಂದಕ್ಕೆ ಜಾರಿದರೆ ಉದಯ, ಅಸ್ತ ಎರಡೂ ಜೊತೆಗೇ ಜಾರಲೇಬೇಕು. ಆ ದಿನಗಳಲ್ಲಿ ಹಗಲಿನ ಉದ್ದ ಬದಲಾಗುವುದು ಬರೀ ಸೆಕೆಂಡುಗಳ ಲೆಕ್ಕದಲ್ಲಿ. ಹಾಗಾಗಿ ಜಾರುವಿಕೆಯದ್ದೇ ಮೇಲುಗೈ. ನವೆಂಬರ್ ಆರಂಭದಲ್ಲಿ 11.46ಕ್ಕೆ ಆಗುತ್ತಿದ್ದ ನಿಜವಾದ ಮಧ್ಯಾಹ್ನ ಫೆಬ್ರವರಿ ಎರಡನೇ ವಾರಕ್ಕೆ 12.16ಕ್ಕೆ ಬಂದು ನಿಲ್ಲುತ್ತದೆ.

ಮಧ್ಯಾಹ್ನದ ಮಾತು ಬಂದಾಗ ವಲೆಟ್ಟಾದ ತೋಪನ್ನು ಬಿಡುವಂತಿಲ್ಲ. ಅಪ್ಪರ್ ಬರಾಕ್ಕಾ ಉದ್ಯಾನದ ಕೆಳಗಿನ ಸಲ್ಯೂಟಿಂಗ್ ಬ್ಯಾಟರಿ ಎಂಬ ತೋಪುಗಳ ಕಟ್ಟೆಯಲ್ಲಿ ಹನ್ನೆರಡಕ್ಕೆ ತೋಪು ಹಾರಿಸುತ್ತಾರೆ. ಬಂದರಿನ ಹಡಗುಗಳು ಗಡಿಯಾರ ಸರಿಪಡಿಸಿಕೊಳ್ಳಲಿ ಎಂದು ಬಂದ ರೂಢಿ. ಈಗ ಪ್ರವಾಸಿಗರು ಕಿವಿ ಮುಚ್ಚಿಕೊಳ್ಳಲಿ ಎಂದು ಮುಂದುವರಿದಿದೆ. ಚಳಿಗಾಲದಲ್ಲಿ ಆ ಸದ್ದು ಸೂರ್ಯನ ಮಧ್ಯಾಹ್ನದ ಆಚೆ ಈಚೆ ಹೆಚ್ಚುಕಮ್ಮಿ ಕಾಲು ಗಂಟೆಯೊಳಗೇ ಬೀಳುತ್ತದೆ, ಏಕೆಂದರೆ ಮಧ್ಯ ಯುರೋಪಿನ ಗಡಿಯಾರ 15 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದು, ವಲೆಟ್ಟಾ 14.5ರಲ್ಲಿದೆ. ಇಷ್ಟು ಪ್ರಾಮಾಣಿಕ ಗಡಿಯಾರ ಎಲ್ಲ ದ್ವೀಪಕ್ಕೂ ಸಿಗುವುದಿಲ್ಲ. ಬೇಸಿಗೆಯಲ್ಲಿ ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಿಡುವುದರಿಂದ ತೋಪು ಹಾರಿ ಒಂದು ಗಂಟೆಯಾದ ಮೇಲೆ ಸೂರ್ಯ ನೆತ್ತಿಯ ಹತ್ತಿರ ಬರುತ್ತಾನೆ. ಹತ್ತಿರ ಅಷ್ಟೆ, ಪೂರ್ತಿ ನೆತ್ತಿಗೆ ಅಲ್ಲಿ ಎಂದೂ ಬರುವುದಿಲ್ಲ. ಜೂನ್‌ನಲ್ಲೂ ಒಂದು ಮೀಟರ್ ಕೋಲಿಗೆ 22 ಸೆಂಟಿಮೀಟರ್ ನೆರಳು ಉಳಿದೇ ಇರುತ್ತದೆ. ಡಿಸೆಂಬರಿನ ಮಧ್ಯಾಹ್ನ ಅದೇ ಕೋಲಿನ ನೆರಳು 1.68 ಮೀಟರ್, ಕೋಲಿಗಿಂತ ಉದ್ದ.

ಗಡಿಯಾರ ಪ್ರಾಮಾಣಿಕವಲ್ಲದ ದ್ವೀಪ ನೋಡಬೇಕಾದರೆ ಇದೇ ಮೆಡಿಟರೇನಿಯನ್ ಸಮುದ್ರದ ಪಶ್ಚಿಮಕ್ಕೆ, ಸ್ಪೇನಿನ ಮಯೋರ್ಕಾಕ್ಕೆ ಹೋಗಬೇಕು. ಅಲ್ಲಿನ ಪಾಲ್ಮಾ ನಗರ ಮಾಲ್ಟಾದಿಂದ ಸುಮಾರು 12 ಡಿಗ್ರಿ ಪಶ್ಚಿಮಕ್ಕಿದೆ, ಆದರೆ ಗೋಡೆಯ ಮೇಲಿನ ಸಮಯ ಒಂದೇ. ಸೂರ್ಯನಿಗೆ ಆ ದೂರ ದಾಟಲು ಮುಕ್ಕಾಲು ಗಂಟೆಗೂ ತುಸು ಹೆಚ್ಚು ಬೇಕು. ಜೂನ್‌ನಲ್ಲಿ ಪಾಲ್ಮಾದಲ್ಲಿ ಸೂರ್ಯಾಸ್ತ 9.20ಕ್ಕೆ. ಸ್ಪೇನಿನವರು ತಡವಾಗಿ ಊಟ ಮಾಡುತ್ತಾರೆ ಎಂದು ಆಡಿಕೊಳ್ಳುವವರು ಈ ಲೆಕ್ಕವನ್ನೂ ನೋಡಲಿ.

ಬೇಸಿಗೆಯ ಗಡಿಯಾರ ಅಕ್ಟೋಬರಿನ ಕೊನೆಯ ಭಾನುವಾರ ನಸುಕಿನಲ್ಲಿ ಮೂರರಿಂದ ಎರಡಕ್ಕೆ ಮರಳುತ್ತದೆ. ಶನಿವಾರ ಸುಮಾರು ಆರೂ ಕಾಲಿಗೆ ಮುಳುಗಿದವನು ಭಾನುವಾರ ಐದೂ ಕಾಲಿಗೇ ನಾಪತ್ತೆ. ಈ ತಿರುಚಾಟ ನಿಲ್ಲಿಸಬೇಕೆಂದು ಯುರೋಪಿನ ಸಂಸತ್ತು 2019ರಲ್ಲಿ ಮತ ಹಾಕಿದೆ. ಮುಳ್ಳುಗಳು ಇನ್ನೂ ತಿರುಗುತ್ತಲೇ ಇವೆ. ಮಾಲ್ಟಾದಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಆ ಭಾನುವಾರ ಇನ್ನೊಂದು ತೊಡಕು. ಊರಿನ ಸಮಯ ಮೂರೂವರೆ ಗಂಟೆ ಮುಂದಿದ್ದದ್ದು ನಾಲ್ಕೂವರೆ ಆಗುತ್ತದೆ. ರಾತ್ರಿ ಏಳಕ್ಕೆ ಮಾಡಿದ ಫೋನು ಮಂಗಳೂರಿನಲ್ಲಿ ಹನ್ನೊಂದೂವರೆಗೆ ಮನೆಯವರನ್ನು ಎಬ್ಬಿಸುತ್ತದೆ.

ವಿಷುವದ ದಿನ ಹಗಲು ರಾತ್ರಿ ಸಮ ಎಂಬ ಪಾಠಪುಸ್ತಕದ ಮಾತೂ ಮಾಲ್ಟಾದಲ್ಲಿ ಎಂಟು ನಿಮಿಷ ತಪ್ಪುತ್ತದೆ. ಉದಯವೆಂದರೆ ಬಿಂಬದ ಮೇಲಂಚು ಕಂಡ ಕ್ಷಣ, ನಡುಭಾಗ ಕಂಡ ಕ್ಷಣವಲ್ಲ. ಜೊತೆಗೆ ಗಾಳಿ ಬೆಳಕನ್ನು ಬಗ್ಗಿಸಿ, ದಿಗಂತದ ಕೆಳಗಿರುವ ಸೂರ್ಯನನ್ನೇ ಮೇಲೆತ್ತಿ ತೋರಿಸುತ್ತದೆ. ಹೀಗಾಗಿ ಮಾರ್ಚ್ 20ರ ಹಗಲು 12 ಗಂಟೆ 8 ನಿಮಿಷ. ಆ ಹೊತ್ತಿನಲ್ಲಿ ಹಗಲು ದಿನಕ್ಕೆ ಎರಡು ನಿಮಿಷದ ಮೇಲೆ ಬೆಳೆಯುತ್ತಿರುವುದರಿಂದ ನಿಜವಾದ ಸಮಪಾಲು ಮೂರ್ನಾಲ್ಕು ದಿನ ಮೊದಲೇ ಆಗಿಹೋಗಿರುತ್ತದೆ.

ಇದನ್ನೆಲ್ಲ ಗಡಿಯಾರವಿಲ್ಲದೆ ಗಮನಿಸಿದವರ ಕಟ್ಟಡವೂ ಅಲ್ಲೇ ಇದೆ. ದಕ್ಷಿಣ ಕಡಲಂಚಿನ ಇತಿಹಾಸಪೂರ್ವ ಮ್ನಾಯ್ದ್ರಾ ದೇಗುಲಗಳಲ್ಲಿ ದಕ್ಷಿಣದ್ದರ ಬಾಗಿಲು ಪೂರ್ವಕ್ಕಿದೆ. ವಿಷುವದ ಬೆಳಗ್ಗೆ ಬಿಸಿಲು ಬಾಗಿಲಿನಿಂದ ನೇರ ಒಳಗಿನ ನಡುಗೆರೆಗೆ ಬೀಳುತ್ತದೆ. ಜೂನ್‌ನಲ್ಲಿ ಸೂರ್ಯ ಓರೆಯಾಗಿ ಈಶಾನ್ಯದಿಂದ ಹುಟ್ಟುವುದರಿಂದ ಒಳಬಾಗಿಲ ಎಡದ ಬೃಹತ್ ಕಲ್ಲಿನ ಅಂಚು ಬೆಳಗುತ್ತದೆ, ಡಿಸೆಂಬರಿನಲ್ಲಿ ಬಲದ್ದು. ವರ್ಷದಲ್ಲಿ ಉದಯದ ಜಾಗ ದಿಗಂತದ ಮೇಲೆ ಸುಮಾರು 60 ಡಿಗ್ರಿ ಓಡಾಡುತ್ತದೆ; ಅಷ್ಟನ್ನೂ ಒಂದು ಬಾಗಿಲಲ್ಲಿ ಹಿಡಿದಿದ್ದಾರೆ.

ಮುಳುಗುವ ಜಾಗವೂ ಅಷ್ಟೇ ಓಡಾಡುತ್ತದೆ. ಪ್ರವಾಸಿಗರು ಮೋಸ ಹೋಗುವುದು ಅಲ್ಲಿ. ಜೂನ್‌ನ ಫೋಟೋ ನಂಬಿ ಡಿಸೆಂಬರಿನಲ್ಲಿ ಅದೇ ಕಡಲತೀರಕ್ಕೆ ಹೋದರೆ ಸೂರ್ಯ ಪಕ್ಕದ ಗುಡ್ಡದ ಹಿಂದೆ ಇಳಿಯಬಹುದು. ದಿಕ್ಸೂಚಿಯಲ್ಲಿ ಜೂನ್‌ಗೆ 300 ಡಿಗ್ರಿ, ಡಿಸೆಂಬರಿಗೆ 240 ಡಿಗ್ರಿಯ ಕಡೆ ನೀರು ಕಾಣುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಬೇಸಿಗೆಯ ಮಬ್ಬಿನಲ್ಲಿ ಬಿಂಬ ನೀರು ಮುಟ್ಟುವ ಮೊದಲೇ ಕರಗಿಹೋಗುತ್ತದೆ. ಸಹಾರಾದ ದೂಳು ಹೊತ್ತ ಆಗ್ನೇಯ ಗಾಳಿ ಬೀಸಿದರೆ ಬಣ್ಣ ಕೆಂಪೇರುತ್ತದೆ ಎಂದುಕೊಳ್ಳುವವರಿದ್ದಾರೆ. ಸಾಮಾನ್ಯವಾಗಿ ಸಿಗುವುದು ಮಾಸಲು ಹಳದಿ. ವಾಯವ್ಯದ ಗಾಳಿ ಬೀಸಿ ನಿಂತ ಸಂಜೆಯೇ ಒಳ್ಳೆಯದು.

ಮಾಲ್ಟಾದ ಪಶ್ಚಿಮ ಕರಾವಳಿಯ ಡಿಂಗ್ಲಿ ಬಂಡೆಯ ಅಂಚು ಕಡಲಿನಿಂದ ಸುಮಾರು 250 ಮೀಟರ್ ಎತ್ತರ. ಅಷ್ಟು ಮೇಲಿಂದ ದಿಗಂತ ಅರ್ಧ ಡಿಗ್ರಿಯಷ್ಟು ತಗ್ಗಿ ಕಾಣುವುದರಿಂದ ಪಟ್ಟಿಯಲ್ಲಿ ಬರೆದ ಸಮಯದ ಮೇಲೆ ಎರಡು ನಿಮಿಷ ಚಿಲ್ಲರೆ ಸೂರ್ಯ ಸಿಗುತ್ತಾನೆ, ಹೆಚ್ಚುಕಮ್ಮಿ ಇನ್ನೊಂದು ಸೂರ್ಯಾಸ್ತದಷ್ಟು. ಆಮೇಲೆ ದಾರಿ ಕಾಣುವ ಬೆಳಕು ಮಾರ್ಚ್‌ನಲ್ಲಿ 25 ನಿಮಿಷ, ಜೂನ್‌ನಲ್ಲಿ 30. ಅಂಚಿನ ಉದ್ದಕ್ಕೂ ಕಟಕಟೆಯಿಲ್ಲ, ಆದ್ದರಿಂದ ಅಷ್ಟರೊಳಗೆ ರಸ್ತೆಗೆ ಬರುವುದು ಲೇಸು.