ಸತ್ಯಾಂಶ: ಬಂದ ಮತದಾರರಿಗಿಂತ ಬಿದ್ದ ಮತಗಳೇ ಹೆಚ್ಚೇ?

ಲಂಡನ್ನಿನ ಬರೋ ಕೌನ್ಸಿಲ್ (ನಗರದ ಒಂದೊಂದು ಭಾಗದ ಸ್ಥಳೀಯ ಆಡಳಿತ ಸಂಸ್ಥೆ) ಚುನಾವಣೆಯ ಫಲಿತಾಂಶ ಬಂದಾಗ ಹರಿದಾಡುವ ಒಂದು ಫಾರ್ವರ್ಡ್: 'ಮತಗಟ್ಟೆಗೆ ಬಂದವರಿಗಿಂತ ಅಭ್ಯರ್ಥಿಗಳು ಪಡೆದ ಒಟ್ಟು ಮತಗಳೇ ಹೆಚ್ಚು, ಅಕ್ರಮ ನಡೆದಿದೆ!' ಲೆಕ್ಕ ನಿಜ, ಆರೋಪ ತಪ್ಪು.

ಅಲ್ಲಿ ಬಹಳಷ್ಟು ವಾರ್ಡುಗಳಿಂದ ಇಬ್ಬರು ಇಲ್ಲವೇ ಮೂವರು ಸದಸ್ಯರು ಆರಿಸಿಬರುತ್ತಾರೆ. ಎಷ್ಟು ಸ್ಥಾನವೋ ಅಷ್ಟು ಮತ ಹಾಕಬಹುದು, ಎಲ್ಲವನ್ನೂ ಬಳಸಲೇಬೇಕೆಂದಿಲ್ಲ. ಮೂರು ಸ್ಥಾನದ ವಾರ್ಡಿನಲ್ಲಿ 3,000 ಜನ ಬಂದರೆ ಮತಗಳು 9,000ದವರೆಗೂ ಹೋಗಬಹುದು. ಎಣಿಕೆ ಸರಿಯೇ ಎಂದು ನೋಡಬೇಕಾದರೆ ಮತಪತ್ರಗಳ ಸಂಖ್ಯೆ ನೋಡಬೇಕು, ಮತಗಳ ಮೊತ್ತವನ್ನಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಎರಡು ಮೂರು ಸ್ಥಾನದ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವೆಸ್ಟ್‌ಮಿನ್‌ಸ್ಟರ್‌ನಲ್ಲಿ (ಲಂಡನ್ನಿನ ಇಂಥದೊಂದು ಬರೋ) 18 ವಾರ್ಡು, ಪ್ರತಿಯೊಂದಕ್ಕೂ ಮೂವರು, ಒಟ್ಟು 54 ಸದಸ್ಯರು. 2022ರಲ್ಲಿ ಲೇಬರ್ 31, ಕನ್ಸರ್ವೇಟಿವ್ 23 ಗೆದ್ದವು. 1964ರಿಂದ ಕನ್ಸರ್ವೇಟಿವರ ಕೈ ತಪ್ಪದಿದ್ದ ಕೌನ್ಸಿಲ್ ಅದು. ಇಂಥ ಅನಿರೀಕ್ಷಿತ ಫಲಿತಾಂಶಗಳ ಸುತ್ತಲೇ ಗಾಳಿಸುದ್ದಿ ಬೇಗ ಹುಟ್ಟುತ್ತದೆ.

'ಭಾರತದ ಪಾಸ್‌ಪೋರ್ಟ್ ಇದ್ದವರು ಮತ ಹಾಕಿದ್ದೂ ಅಕ್ರಮ' ಎಂಬ ಬಾಲಂಗೋಚಿಯೂ ಸುಳ್ಳು. ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಗಳು, ಅಂದರೆ ಅಲ್ಲಿನ ಕನ್ನಡಿಗರೂ, ಹೆಸರು ನೋಂದಾಯಿಸಿ ಮತ ಹಾಕಬಹುದು.